ಸೈಜ್ ನಿಲ್ಲುತ್ತಿಲ್ಲವೇ? ಆಫ್‌ಸೆಟ್ ಮುಟ್ಟುವ ಮೊದಲು ನೋಡಬೇಕಾದ ಲಕ್ಷಣಗಳು

ಪೀಣ್ಯದ ಯಾವ ಸಿಎನ್‌ಸಿ ಶೆಡ್ಡಿಗೆ ಹೋದರೂ ಈ ದೂರು ಕಿವಿಗೆ ಬಿದ್ದೇ ಬೀಳುತ್ತದೆ: "ಸಾರ್, ಸೈಜ್ ನಿಲ್ತಾ ಇಲ್ಲ." ಹುಬ್ಬಳ್ಳಿ ಕಡೆಯ ಹುಡುಗನಾದರೆ, "ಸೈಜ್ ನಿಲ್ಲವಲ್ದು ರೀ ಸರ." ಮಾತು ಮುಗಿಯುವಷ್ಟರಲ್ಲಿ ಸೆಟ್ಟರ್ ಕೈ ಆಫ್‌ಸೆಟ್ ಪೇಜಿನ ಮೇಲಿರುತ್ತದೆ, ಅಂದರೆ ಟೂಲ್ ಎಷ್ಟು ಸರಿಯಬೇಕೆಂದು ಮಷಿನ್ನಿಗೆ ತಿದ್ದುಪಡಿ ಕೊಡುವ ಪುಟದ ಮೇಲೆ. ಎರಡು ಮೈಕ್ರಾನ್ (ಎಂ.ಎಂ.ನ ಸಾವಿರದಲ್ಲಿ ಒಂದು ಭಾಗ) ಆಚೆ, ಮೂರು ಮೈಕ್ರಾನ್ ಈಚೆ. ಆಫ್‌ಸೆಟ್ ತಿದ್ದುವುದು ತಪ್ಪೇನಲ್ಲ. ತಪ್ಪು ಜಾಬಿನದೋ (ಮಷಿನ್ನಿನಲ್ಲಿ ಮಾಡುತ್ತಿರುವ ಭಾಗದ್ದೋ), ಅಳತೆಯದೋ, ನಮ್ಮ ಕೈಯದೋ ಎಂದು ತಿಳಿಯದೆ ತಿದ್ದುವುದು ಮಾತ್ರ ರಿಜೆಕ್ಷನ್ ಹೆಚ್ಚಿಸುತ್ತದೆ. ಅದನ್ನು ತಿಳಿಯಲು ಒಂದು ಚಾರ್ಟ್ ಶೀಟ್, ಪೆನ್ನು, ಕ್ಯಾಲ್ಕುಲೇಟರ್ ಇದ್ದರೆ ಬಹುತೇಕ ಸಾಕು.

ಉದ್ದಕ್ಕೂ ಒಂದೇ ಜಾಬನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. 25 ಎಂ.ಎಂ. ಶಾಫ್ಟ್, ಸ್ಮಾಲ್ ಎಚ್7 ಟಾಲರೆನ್ಸ್. ಮೇಲಿನ ಮಿತಿ 25.000, ಕೆಳಗಿನದು 24.979. ಒಟ್ಟು ಜಾಗ, ಅಂದರೆ ಟಾಲರೆನ್ಸ್, 21 ಮೈಕ್ರಾನ್. 25.000ದಿಂದ ಎಷ್ಟು ಕೆಳಗಿದೆ ಎಂದು ಮೈಕ್ರಾನ್‌ನಲ್ಲಿ ಬರೆಯುತ್ತೇನೆ. ಅಂದರೆ 24.990 ಎಂದರೆ −10.

ಮೊದಲು ಎಚ್ಚರಿಕೆ. ಜಾಬ್ ಹಿಡಿದು ತಿರುಗಿಸುವ ಚಕ್ ಪೂರ್ತಿ ನಿಂತ ಮೇಲಷ್ಟೇ ಅಳೆಯಿರಿ. ಪತ್ತೆ ಕೆಲಸಕ್ಕೆ ಬೇಗ ಬೇಗ ಜಾಬ್ ಬೇಕು ಎಂದು ಡೋರ್ ಇಂಟರ್‌ಲಾಕ್ ಬೈಪಾಸ್ ಮಾಡಬೇಡಿ. ಕೈಗವಸು ಹಾಕಿಕೊಂಡು ತಿರುಗುವ ಜಾಬಿನ ಹತ್ತಿರ ಹೋಗಬೇಡಿ, ಚಿಪ್ಸ್ ಎಳೆಯಲು ಕೊಕ್ಕೆ ಬಳಸಿ. ಅನುಮಾನ ಬಂದ ಗಳಿಗೆಯಿಂದ ಬರುವ ಜಾಬುಗಳೆಲ್ಲ ಕೆಂಪು ಬಿನ್ನಿಗೆ ಹೋಗಲಿ. ಸರಿಯಿದ್ದರೆ ಆಮೇಲೆ ಎತ್ತಿಕೊಳ್ಳಬಹುದು, ಒಳ್ಳೆಯದರ ಜತೆ ಬೆರೆತರೆ ಬೇರ್ಪಡಿಸುವುದು ಕಷ್ಟ.

ಲಕ್ಷಣ: ಒಂದೇ ಜಾಬ್, ಇಬ್ಬರು ಅಳೆದರೆ ಎರಡು ಸೈಜ್

ಇದನ್ನು ಮೊದಲು ನೋಡಲು ಕಾರಣವಿದೆ. ಅಳತೆಯೇ ಅಲುಗಾಡುತ್ತಿದ್ದರೆ ಮುಂದೆ ಹೇಳುವ ಚಾರ್ಟುಗಳೆಲ್ಲ ವ್ಯರ್ಥ, ಮತ್ತು ಈ ಪರೀಕ್ಷೆಗೆ ಖರ್ಚು ಏನೂ ಇಲ್ಲ.

ಉಪಕರಣ ನೋಡಿ. 0.02 ವರ್ನಿಯರ್ ಹಿಡಿದು 21 ಮೈಕ್ರಾನ್ ಟಾಲರೆನ್ಸ್ ಅಳೆಯುವುದೆಂದರೆ ಒಂದು ಗೆರೆಯಲ್ಲೇ ಇಡೀ ಟಾಲರೆನ್ಸ್ ಮುಗಿದುಹೋಗುತ್ತದೆ. ಲೀಸ್ಟ್ ಕೌಂಟ್ (ಉಪಕರಣ ಓದಬಲ್ಲ ಅತಿ ಚಿಕ್ಕ ಅಳತೆ) ಟಾಲರೆನ್ಸಿನ ಹತ್ತನೇ ಒಂದು ಭಾಗ ಇರಬೇಕು ಎಂಬುದು ಹಳೆಯ ನಿಯಮ. ಹಾಗಾಗಿ ಇಲ್ಲಿ ಬೇಕಾದ್ದು 1 ಮೈಕ್ರಾನ್ ಓದುವ ಡಿಜಿಟಲ್ ಮೈಕ್ರೋಮೀಟರ್. ಅದರ ಅನ್‌ವಿಲ್ ಒರೆಸಿ, ಸೆಟ್ಟಿಂಗ್ ಮಾಸ್ಟರ್ (ಸೈಜ್ ಗೊತ್ತಿರುವ ಮಾದರಿ ತುಂಡು) ಮೇಲೆ ಝೀರೋ ನೋಡಿ, ಜಾಬಿನ ಬರ್ ತೆಗೆದು, ಕೂಲಂಟ್ ಒರೆಸಿ ಅಳೆಯಿರಿ. ಬಹಳಷ್ಟು "ಮಷಿನ್ ಕಂಪ್ಲೇಂಟ್" ಈ ಬಟ್ಟೆ ತುಂಡಿನಲ್ಲೇ ಮುಗಿಯುತ್ತದೆ.

ಇನ್ನೂ ಅನುಮಾನವಿದ್ದರೆ ಒಂದೇ ಜಾಬಿನ ಒಂದೇ ಜಾಗಕ್ಕೆ ಮಾರ್ಕರ್‌ನಲ್ಲಿ ಗುರುತು ಹಾಕಿ, ಒಬ್ಬರೇ 10 ಸಲ ಅಳೆಯಲಿ. ಬರೆದುಕೊಳ್ಳುವವರು ಬೇರೆಯವರಿರಲಿ, ಅಳೆಯುವವರಿಗೆ ಹಿಂದಿನ ಅಂಕಿ ಕಾಣಬಾರದು. ಅತಿ ಹೆಚ್ಚು ಮತ್ತು ಅತಿ ಕಡಿಮೆಯ ಅಂತರವನ್ನು 3ರಿಂದ ಭಾಗಿಸಿದರೆ ಅಳತೆಯ ಸಿಗ್ಮಾ, ಅಂದರೆ ಅಂಕಿಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎನ್ನುವ ಲೆಕ್ಕ, ಸುಮಾರಾಗಿ ಸಿಗುತ್ತದೆ. ಅದರ ಆರು ಪಟ್ಟು ಟಾಲರೆನ್ಸಿನ ಎಷ್ಟು ಭಾಗ ಎಂದು ನೋಡಿ. ಅಂತರ 2 ಮೈಕ್ರಾನ್ ಬಂದರೆ ಆರು ಸಿಗ್ಮಾ 4, ಅಂದರೆ 21ರಲ್ಲಿ ಶೇ 19. ಅಂತರ 4 ಬಂದರೆ ಶೇ 38. ಗೇಜ್ ಆರ್ ಅಂಡ್ ಆರ್ (ಅಳತೆಯೇ ಎಷ್ಟು ಅಲುಗಾಡುತ್ತದೆ ಎಂದು ನೋಡುವ) ಲೆಕ್ಕದಲ್ಲಿ ಶೇ 10ರ ಒಳಗೆ ಒಳ್ಳೆಯದು, 30ರವರೆಗೆ ಕಾರಣ ಕೊಟ್ಟು ನಡೆಸಬಹುದು, ಅದನ್ನು ದಾಟಿದರೆ ಆ ಅಳತೆಯನ್ನು ನಂಬಿ ಏನನ್ನೂ ತಿದ್ದಬಾರದು. ಇದು ಒಬ್ಬರ ಕೈಯ ಲೆಕ್ಕ ಮಾತ್ರ. ಇಬ್ಬರು ಮೂವರು ಆಪರೇಟರುಗಳು 10 ಜಾಬುಗಳನ್ನು ತಲಾ ಎರಡು ಮೂರು ಸಲ ಅಳೆಯುವ ಪೂರ್ತಿ ಅಧ್ಯಯನದಲ್ಲಿ ಅಂಕಿ ಇನ್ನೂ ಏರಬಹುದು. ಒಬ್ಬರು ರ್‍ಯಾಚೆಟ್ ತಿರುಗಿಸುತ್ತಾರೆ, ಇನ್ನೊಬ್ಬರು ಥಿಂಬಲ್ಲನ್ನೇ ಬಿಗಿಯುತ್ತಾರೆ. ವ್ಯತ್ಯಾಸ ಹುಟ್ಟುವುದು ಅಲ್ಲೇ.

ಇಲ್ಲಿ ನಿಲ್ಲಿಸಬೇಕಾದದ್ದು ಯಾವಾಗ: ಮಾಸ್ಟರ್ ಮೇಲೆಯೇ ಪ್ರತಿ ಸಲ ಬೇರೆ ಬೇರೆ ಝೀರೋ ಬರುತ್ತಿದ್ದರೆ. ಮೈಕ್ರೋಮೀಟರ್ ಕ್ಯಾಲಿಬ್ರೇಷನ್‌ಗೆ ಹೋಗಲಿ, ಬೇರೆಯದು ಬರುವವರೆಗೆ ಚಾರ್ಟ್ ಬೇಡ.

ಲಕ್ಷಣ: ತಿದ್ದಿದಷ್ಟೂ ಸೈಜ್ ಓಡಾಡುತ್ತದೆ

ಅಳತೆ ಸರಿಯಿದೆ. ಆದರೂ ಒಂದು ಜಾಬ್ ಮೇಲೆ, ಇನ್ನೊಂದು ಕೆಳಗೆ. ಆಪರೇಟರ್ ಪಾಪ, ಪ್ರತಿ ಜಾಬ್ ಅಳೆದು ಪ್ರತಿ ಸಲ ಆಫ್‌ಸೆಟ್ ಕೊಡುತ್ತಿರುತ್ತಾನೆ. ಅತಿ ಶ್ರದ್ಧೆಯ ಕೆಲಸಗಾರನ ಮಷಿನ್ನಿನಲ್ಲೇ ಈ ರೋಗ ಹೆಚ್ಚು.

ಲೆಕ್ಕ ಹಾಕಿ ನೋಡಿ. ಗುರಿ −10 ಎಂದಿಟ್ಟುಕೊಳ್ಳಿ. ಏನೂ ಮುಟ್ಟದೆ ಬಿಟ್ಟಿದ್ದರೆ ಐದು ಜಾಬ್ ಹೀಗೆ ಬರುತ್ತಿದ್ದವು: −14, −9, −12, −7, −11. ಎಲ್ಲವೂ ಡ್ರಾಯಿಂಗಿನ ಒಳಗೆ, ಅಂತರ 7. ಈಗ ಪ್ರತಿ ಜಾಬಿಗೂ ತಿದ್ದೋಣ. ಮೊದಲನೆಯದು −14 ಬಂತು, +4 ಕೊಟ್ಟೆವು. −9 ಬರಬೇಕಿದ್ದದ್ದು −5 ಬಂತು. ಗಾಬರಿಯಾಗಿ −5 ಕೊಟ್ಟೆವು, −12 ಬರಬೇಕಿದ್ದದ್ದು −13 ಆಯಿತು. +3 ಕೊಟ್ಟರೆ ಮುಂದಿನದು −5. ಮತ್ತೆ −5 ಕೊಟ್ಟರೆ ಕೊನೆಯದು −14. ಸಾಲು ಈಗ −14, −5, −13, −5, −14. ಅಂತರ 9. ಮಷಿನ್ ಅದೇ, ಮಟೀರಿಯಲ್ ಅದೇ, ಹೆಚ್ಚಾದದ್ದು ನಮ್ಮ ಕೈ ಮಾತ್ರ.

ಅಮೆರಿಕದ ಗುಣಮಟ್ಟ ತಜ್ಞ ಎಡ್ವರ್ಡ್ಸ್ ಡೆಮಿಂಗ್ ಇದನ್ನೇ ಆಲಿಕೆಯಿಂದ ಗೋಲಿ ಬೀಳಿಸಿ ತೋರಿಸುತ್ತಿದ್ದರು. ಪ್ರತಿ ಸಲ ತಪ್ಪಿದಷ್ಟು ದೂರ ಆಲಿಕೆಯನ್ನು ಎದುರು ದಿಕ್ಕಿಗೆ ಸರಿಸಿದರೆ ವೇರಿಯನ್ಸ್ (ಸಿಗ್ಮಾದ ವರ್ಗ) ಎರಡು ಪಟ್ಟಾಗುತ್ತದೆ, ಸಿಗ್ಮಾ 1.41 ಪಟ್ಟು. ನಮ್ಮ ಶಾಫ್ಟಿನ ಸಿಗ್ಮಾ 2.58 ಮೈಕ್ರಾನ್ ಇದ್ದರೆ ಸಿಪಿ (ಟಾಲರೆನ್ಸನ್ನು ಆರು ಸಿಗ್ಮಾದಿಂದ ಭಾಗಿಸಿದ್ದು) 21 ÷ 15.5, ಅಂದರೆ 1.36. ಪ್ರತಿ ಜಾಬಿಗೂ ತಿದ್ದಿದ ಮೇಲೆ ಸಿಗ್ಮಾ 3.65, ಸಿಪಿ 0.96. ಗ್ರಾಹಕರು ಕೇಳುವ 1.33 ದಾಟಿದ್ದ ಮಷಿನ್ ಒಂದಕ್ಕಿಂತ ಕೆಳಗಿಳಿಯಿತು.

ಹಾಗಾದರೆ ಯಾವಾಗ ತಿದ್ದಬೇಕು? ಅದನ್ನು ಹೇಳುವುದಕ್ಕೇ ಕಂಟ್ರೋಲ್ ಚಾರ್ಟ್ ಇರುವುದು. ಅಮೆರಿಕದ ವಾಲ್ಟರ್ ಶೂಹಾರ್ಟ್ 1924ರಲ್ಲಿ ಇದರ ಮೊದಲ ಚಿತ್ರ ಬರೆದದ್ದು, ಸಹಜ ಏರುಪೇರು ಯಾವುದು, ಕಾರಣ ಹುಡುಕಬೇಕಾದ ಏರುಪೇರು ಯಾವುದು ಎಂದು ಬೇರ್ಪಡಿಸಲಿಕ್ಕೆ.

ಮಾಡುವ ಬಗೆ ಸುಲಭ. ಗಂಟೆಗೊಮ್ಮೆ ಸಾಲಾಗಿ ಬಂದ 5 ಜಾಬ್ ಅಳೆದು, ಸರಾಸರಿ ಮತ್ತು ರೇಂಜ್ (ಅತಿ ಹೆಚ್ಚು, ಅತಿ ಕಡಿಮೆಯ ಅಂತರ) ಬರೆಯಿರಿ. ಇಂಥ 20ರಿಂದ 25 ಗುಂಪು ಸೇರಲಿ. ಅಷ್ಟು ಹೊತ್ತು ಆಫ್‌ಸೆಟ್ ಮುಟ್ಟುವ ಹಾಗಿಲ್ಲ, ಜಾಬ್ ಡ್ರಾಯಿಂಗ್ ಮಿತಿಗೆ ಹತ್ತಿರ ಬಂದರೆ ಹೊರತು. ಮುಟ್ಟಿದರೆ ಚಾರ್ಟಿನ ಮೇಲೆ ಎಷ್ಟು ಗಂಟೆಗೆ, ಎಷ್ಟು ಎಂದು ಬರೆಯಿರಿ. ಸರಾಸರಿಗಳ ಸರಾಸರಿ −10.5, ರೇಂಜಿನ ಸರಾಸರಿ 6 ಬಂತು ಎನ್ನಿ. ಐದರ ಗುಂಪಿಗೆ ಗುಣಕ 0.577. ಅದನ್ನು 6ರಿಂದ ಗುಣಿಸಿದರೆ ಸುಮಾರು 3.5. ಕಂಟ್ರೋಲ್ ಮಿತಿಗಳು −7 ಮತ್ತು −14. ರೇಂಜ್ ಚಾರ್ಟಿನ ಮೇಲಿನ ಮಿತಿ 2.114 × 6, ಅಂದರೆ 12.7. ಸಿಗ್ಮಾ ಬೇಕಿದ್ದರೆ 6 ÷ 2.326.

ಗುಂಪಿನ ಸರಾಸರಿ ಈ ಗೆರೆಗಳ ಆಚೆ ಹೋದರೆ, ಅಥವಾ ಸಾಲಾಗಿ 8 ಬಿಂದು ನಡುಗೆರೆಯ ಒಂದೇ ಪಕ್ಕದಲ್ಲಿ ಕೂತರೆ ಕೈ ಹಾಕಿ. ತಿದ್ದುವಾಗ ಕೊನೆಯ ಜಾಬ್ ನೋಡಿ ಅಲ್ಲ, ಗುಂಪಿನ ಸರಾಸರಿ ಎಷ್ಟು ದೂರ ಹೋಗಿದೆಯೋ ಅಷ್ಟು. ಉಳಿದಂತೆ ಮಷಿನ್ ಓಡಲಿ.

ಒಂದು ತಪ್ಪನ್ನು ಮಾತ್ರ ಎಲ್ಲ ಕಡೆ ನೋಡುತ್ತೇನೆ: ಸರಾಸರಿ ಚಾರ್ಟಿನ ಮೇಲೆ ಡ್ರಾಯಿಂಗಿನ ಮಿತಿ ಗೆರೆ ಎಳೆಯುವುದು. ಡ್ರಾಯಿಂಗಿನ ಮಿತಿ ಬಿಡಿ ಜಾಬಿಗೆ, ಕಂಟ್ರೋಲ್ ಮಿತಿ ಐದರ ಸರಾಸರಿಗೆ. ಐದರ ಸರಾಸರಿ ಡ್ರಾಯಿಂಗಿನ ಒಳಗೆ ಆರಾಮವಾಗಿ ಕೂತಿರುವಾಗ ಬಿಡಿ ಜಾಬ್ ಹೊರಗೆ ಬಿದ್ದಿರಬಹುದು.

ಲಕ್ಷಣ: ಬೆಳಿಗ್ಗೆ ಒಂದು ಸೈಜ್, ಹನ್ನೊಂದಕ್ಕೆ ಇನ್ನೊಂದು, ಊಟದ ನಂತರ ಮತ್ತೆ ಹಳೆಯದು

ಚಾರ್ಟಿನ ಪ್ರತಿ ಬಿಂದುವಿನ ಕೆಳಗೆ ಗಂಟೆ ಬರೆಯಿರಿ ಎನ್ನುವುದು ಇದಕ್ಕೇ. ಬಿಂದುಗಳು ಶಿಫ್ಟಿನ ಶುರುವಿನಲ್ಲಿ ಒಂದು ಕಡೆ ಸರಿದು, ಎರಡು ಗಂಟೆಯಲ್ಲಿ ನೆಲೆಗೊಂಡು, ಊಟದ ವಿರಾಮದ ನಂತರ ಮತ್ತೆ ಅದೇ ಆಟ ಆಡಿದರೆ ಅದು ಶಾಖ. ಸ್ಪಿಂಡಲ್ ಮತ್ತು ಬಾಲ್‌ಸ್ಕ್ರೂ ಬೆಚ್ಚಗಾಗುತ್ತ ಉದ್ದವಾಗುತ್ತವೆ. ಲೇತಿನಲ್ಲಿ ಟೂಲ್ 1 ಮೈಕ್ರಾನ್ ಸರಿದರೆ ವ್ಯಾಸದಲ್ಲಿ 2 ಮೈಕ್ರಾನ್ ಕಾಣುತ್ತದೆ.

ಜಾಬೂ ಬಿಸಿಯೇ. ಉಕ್ಕು ಒಂದು ಮೀಟರಿಗೆ, ಒಂದು ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. ಮಾಸ್ಟರ್ 28 ಡಿಗ್ರಿಯಲ್ಲಿದ್ದು ಈಗಷ್ಟೇ ಇಳಿಸಿದ ಶಾಫ್ಟ್ 40 ಡಿಗ್ರಿ ಇದ್ದರೆ 25 ಎಂ.ಎಂ. ವ್ಯಾಸದಲ್ಲಿ ಸುಮಾರು 3.5 ಮೈಕ್ರಾನ್ ಹೆಚ್ಚು ತೋರಿಸುತ್ತದೆ. ನಮ್ಮ ಕಂಟ್ರೋಲ್ ಮಿತಿ ನಡುಗೆರೆಯಿಂದ ಇರುವ ದೂರವೂ ಅಷ್ಟೇ! ಅಲ್ಯೂಮಿನಿಯಂ ಆದರೆ ಹಿಗ್ಗುವಿಕೆ ಸುಮಾರು ಎರಡರಷ್ಟು.

ಅಳತೆಯ ಪ್ರಮಾಣಿತ ಉಷ್ಣತೆ 20 ಡಿಗ್ರಿ, ನಿಜ. ಹಾಗಂತ ಶೆಡ್ಡಿಗೆಲ್ಲ ಎಸಿ ಹಾಕಬೇಕಿಲ್ಲ. ಉಕ್ಕಿನ ಜಾಬು, ಉಕ್ಕಿನ ಮಾಸ್ಟರ್, ಮೈಕ್ರೋಮೀಟರ್ ಮೂರೂ ಒಂದೇ ಸರ್ಫೇಸ್ ಪ್ಲೇಟಿನ ಮೇಲೆ ಸ್ವಲ್ಪ ಹೊತ್ತು ಕೂತು ಒಂದೇ ಉಷ್ಣತೆಗೆ ಬಂದರೆ ಈ ವ್ಯತ್ಯಾಸ ಬಹುಪಾಲು ಹೋಗುತ್ತದೆ. ಬೆಳಿಗ್ಗೆ ಜಾಬ್ ಹಾಕದೆ ವಾರ್ಮ್‌ಅಪ್ ಪ್ರೋಗ್ರಾಂ ಓಡಿಸಿ. ಊಟಕ್ಕೆ ಹೋಗುವಾಗ ಮಷಿನ್ ಪೂರ್ತಿ ಆರಿಸುವ ಅಭ್ಯಾಸವಿದ್ದರೆ ಬಿಡಿ.

ಲಕ್ಷಣ: ನಿಧಾನಕ್ಕೆ ಏರುತ್ತದೆ, ಇನ್ಸರ್ಟ್ ಬದಲಿಸಿದರೆ ದಡಕ್ಕನೆ ಇಳಿಯುತ್ತದೆ

ಗರಗಸದ ಹಲ್ಲಿನಂಥ ಚಾರ್ಟ್. ಟೂಲ್ ಸವೆತ, ಅಂದರೆ ಅದರ ತುದಿಯ ಕತ್ತರಿಸುವ ಬಿಲ್ಲೆ (ಇನ್ಸರ್ಟ್) ಸವೆಯುವುದು, ಬೇರೇನಲ್ಲ. ಹೊರ ವ್ಯಾಸ ದಪ್ಪವಾಗುತ್ತ ಹೋಗುತ್ತದೆ, ಬೋರ್ ಆದರೆ ಕಿರಿದಾಗುತ್ತ ಬರುತ್ತದೆ. ಇದು ರೋಗವಲ್ಲ, ಆದರೆ ಲೆಕ್ಕ ಇಡಬೇಕು. ಒಳಗಿನ ಏರುಪೇರು ಆರು ಸಿಗ್ಮಾ ಅಂದರೆ 15.5 ಮೈಕ್ರಾನ್ ತಿಂದ ಮೇಲೆ 21ರಲ್ಲಿ ಸವೆತಕ್ಕೆ ಉಳಿಯುವುದು 5.5. ಸರಾಸರಿ −13ರ ಆಸುಪಾಸಿನಲ್ಲಿ ಹೊಸ ಇನ್ಸರ್ಟ್ ಸೆಟ್ ಮಾಡಿ, −8 ಮುಟ್ಟುವ ಹೊತ್ತಿಗೆ ಒಂದು ನಿಗದಿತ ತಿದ್ದುಪಡಿ ಕೊಡಿ. ಎಷ್ಟು ಜಾಬಿಗೊಮ್ಮೆ ಎಂಬುದನ್ನು ಏರಿಕೆಯ ಓರೆಯಿಂದ ಎಣಿಸಿ, ಮಷಿನ್ ಮೇಲೆ ಅಂಟಿಸಿ. ಈ ಲೆಕ್ಕ ಸಿಪಿಕೆ (ಸರಾಸರಿಯಿಂದ ಹತ್ತಿರದ ಮಿತಿಗೆ ಇರುವ ದೂರವನ್ನು ಮೂರು ಸಿಗ್ಮಾದಿಂದ ಭಾಗಿಸಿದ್ದು) 1 ಸಾಕೆನ್ನುವವರಿಗೆ. 1.33 ಬೇಕೆನ್ನುವ ಗ್ರಾಹಕರಿಗೆ ಸವೆತಕ್ಕೆ ಜಾಗವೇ ಉಳಿಯುವುದಿಲ್ಲ. ಅಂಥಲ್ಲಿ ಚಿಕ್ಕ ಚಿಕ್ಕ ತಿದ್ದುಪಡಿ ಬೇಗ ಬೇಗ ಕೊಡಬೇಕು, ಇಲ್ಲವೇ ಮೊದಲು ಸಿಗ್ಮಾ ಇಳಿಸಬೇಕು.

ಲಕ್ಷಣ: ಚೆನ್ನಾಗಿ ಓಡುತ್ತಿದ್ದದ್ದು ಒಂದೇ ಸಲ ಹಾರಿತು

ನಿಲ್ಲಿಸಿ. ಇಲ್ಲಿ "ಇನ್ನೊಂದು ಜಾಬ್ ನೋಡೋಣ" ಬೇಡ. ಇನ್ಸರ್ಟಿನ ಮೂಗು ಒಡೆದಿರಬಹುದು, ಚಕ್ಕಿನ ಜಾ (ಹಿಡಿಯುವ ದವಡೆ) ಕೆಳಗೆ ಚಿಪ್ ಸಿಕ್ಕಿರಬಹುದು, ಹೊಸ ಹೀಟ್ ನಂಬರಿನ (ಬೇರೆ ಸಲ ಕರಗಿಸಿದ ಉಕ್ಕಿನ) ಬಾರ್ ಹಾಕಿರಬಹುದು, ಯಾರೋ ಬೇರೆ ಟೂಲಿನ ಆಫ್‌ಸೆಟ್ ತಿದ್ದಿರಬಹುದು. ಇದೇ ಕ್ರಮದಲ್ಲಿ ನೋಡಿ. ಮೊದಲೆರಡಕ್ಕೆ ಟಾರ್ಚ್ ಸಾಕು, ಉಳಿದೆರಡಕ್ಕೆ ರಿಜಿಸ್ಟರ್.

ರೇಂಜ್ ಚಾರ್ಟ್ ಒಂದು ಸುಳಿವು ಕೊಡುತ್ತದೆ. ಸರಾಸರಿ ಹಾರಿ ರೇಂಜ್ ಹಾಗೇ ಇದ್ದರೆ ಸೆಟ್ಟಿಂಗ್ ಸರಿದಿದೆ: ಆಫ್‌ಸೆಟ್, ಇನ್ಸರ್ಟ್ ಕೂತ ರೀತಿ. ರೇಂಜ್ ಕೂಡ ಹಾರಿದರೆ ಹಿಡಿತ ಸಡಿಲವಾಗಿದೆ: ಚಕ್, ಟೂಲ್ ಹೋಲ್ಡರಿನ ಬೋಲ್ಟ್, ಬೇರಿಂಗ್. ಎರಡನೆಯದು ಅಪಾಯ. ಸಡಿಲ ಚಕ್ ಜಾಬನ್ನು ಎಸೆಯಬಲ್ಲದು. ಕೈಯಿಂದ ಪರೀಕ್ಷಿಸುವ ಮೊದಲು ಪವರ್ ಆರಿಸಿ ಬೀಗ ಹಾಕಿ.

ಕೊನೆಯ ಸರಿಯಾದ ಗುಂಪಿನಿಂದ ಈವರೆಗೆ ಬಂದ ಅಷ್ಟೂ ಜಾಬ್ ತಡೆಹಿಡಿದು ಒಂದೊಂದಾಗಿ ಅಳೆಯಿರಿ. ಬ್ರೇಕ್, ಸ್ಟೀರಿಂಗ್‌ಗೆ ಹೋಗುವ ಭಾಗವಾದರೆ, ಅನುಮಾನದ ಲಾಟ್ ಆಗಲೇ ಗಾಡಿ ಹತ್ತಿದ್ದರೆ ಗ್ರಾಹಕರಿಗೆ ಆ ಗಳಿಗೆಯಲ್ಲೇ ತಿಳಿಸಬೇಕು. ಆ ತೀರ್ಮಾನ ಶೆಡ್ಡಿನಲ್ಲಿ ಆಗತಕ್ಕದ್ದಲ್ಲ.

ಲಕ್ಷಣ: ಚಾರ್ಟ್ ತೀರಾ ಚೆನ್ನಾಗಿದೆ

ಬಿಂದುಗಳೆಲ್ಲ ನಡುಗೆರೆಗೆ ಅಂಟಿಕೊಂಡಿವೆ. ಆಡಿಟ್ ದಿನ ಇದನ್ನು ನೋಡಿ ಹೆಮ್ಮೆ ಪಡುವವರಿದ್ದಾರೆ. ನನಗಂತೂ ಅನುಮಾನ ಬರುತ್ತದೆ. ಎರಡು ಸ್ಪಿಂಡಲ್ಲಿನ ಜಾಬುಗಳನ್ನು ಬೆರೆಸಿ ಐದರ ಗುಂಪು ಮಾಡಿದ್ದಾರೆಯೇ ನೋಡಿ. ಒಂದು ಸ್ಪಿಂಡಲ್ ಮೇಲೆ, ಇನ್ನೊಂದು ಕೆಳಗೆ ಹೊಡೆಯುತ್ತಿದ್ದರೆ ಪ್ರತಿ ಗುಂಪಿನ ರೇಂಜ್ ದೊಡ್ಡದಾಗಿ ಮಿತಿಗಳು ಅಗಲವಾಗುತ್ತವೆ, ಸರಾಸರಿ ಮಾತ್ರ ನಡುವೆ ಬಂದು ಕೂರುತ್ತದೆ. ಸ್ಪಿಂಡಲ್‌ಗೊಂದು ಚಾರ್ಟ್ ಮಾಡಿದರೆ ರೋಗ ಹೊರಬೀಳುತ್ತದೆ.

ಇನ್ನೊಂದು ಕಾರಣ ಪೆನ್ನು. ಎಂಟು ಗಂಟೆಯ ಅಂಕಿಗಳು ಒಂದೇ ಬರವಣಿಗೆಯ ಓಟದಲ್ಲಿ, ಒಂದೇ ಶಾಯಿಯ ದಪ್ಪದಲ್ಲಿ ಇದ್ದರೆ ಶಿಫ್ಟ್ ಕೊನೆಗೆ ಕೂತು ಬರೆದದ್ದು. ಬಿಡಿ ಜಾಬುಗಳ ಹಿಸ್ಟೋಗ್ರಾಂ ಹಾಕಿ. 25.000ದಲ್ಲಿ ದೊಡ್ಡ ರಾಶಿ, 25.001, 25.002ರಲ್ಲಿ ಏನೂ ಇಲ್ಲ ಎಂದರೆ ಮಿತಿ ದಾಟಿದ್ದನ್ನೂ ಮಿತಿಯೊಳಗೆ ಓದಲಾಗಿದೆ. ಬರೆದವನನ್ನು ಬೈದರೆ ಮುಂದಿನ ವಾರ ರಾಶಿ ಇನ್ನಷ್ಟು ನಾಜೂಕಾಗಿ ಹರಡಿರುತ್ತದೆ, ಅಷ್ಟೆ. ರಿಜೆಕ್ಷನ್ ಬರೆದರೆ ಅವನಿಗೆ ಏನಾಗುತ್ತದೆ ಎಂದು ವಿಚಾರಿಸಿ.

ಲಕ್ಷಣ: ನಮ್ಮಲ್ಲಿ ಓಕೆ, ಗ್ರಾಹಕರಲ್ಲಿ ರಿಂಗ್ ಗೇಜಿಗೆ (ಜಾಬ್ ತೂರಿಸಿ ನೋಡುವ ಬಳೆಗೆ) ಹೋಗುವುದಿಲ್ಲ

ಎಷ್ಟು ಸಲ ಅಳೆದರೂ ಮೈಕ್ರೋಮೀಟರ್ ಸರಿಯೇ ಎನ್ನುತ್ತದೆ. ಮೂರು ಜಾ ಇರುವ ಚಕ್ಕಿನಲ್ಲಿ ತೆಳು ಗೋಡೆಯ ಜಾಬ್ ಬಿಗಿಯಾಗಿ ಹಿಡಿದು ಟರ್ನ್ ಮಾಡಿ ಬಿಟ್ಟಾಗ ಅದು ಮೂರು ಉಬ್ಬಿನ ಆಕಾರಕ್ಕೆ ಬರುತ್ತದೆ. ಒಂದು ಉಬ್ಬಿನ ಎದುರಿಗೆ ಒಂದು ತಗ್ಗು ಇರುವುದರಿಂದ ಎರಡು ಬಿಂದುವಿನ ಮೈಕ್ರೋಮೀಟರಿಗೆ ಎಲ್ಲ ಕಡೆ ಒಂದೇ ವ್ಯಾಸ ಸಿಗುತ್ತದೆ. ವೀ-ಬ್ಲಾಕ್ ಮೇಲಿಟ್ಟು ಡಯಲ್ ತಾಗಿಸಿ ತಿರುಗಿಸಿದರೆ ಒಂದು ಸುತ್ತಿಗೆ ಮುಳ್ಳು ಮೂರು ಸಲ ಏರಿ ಇಳಿಯುತ್ತದೆ. ಸಾಫ್ಟ್ ಜಾಗಳನ್ನು ಜಾಬಿನ ವ್ಯಾಸಕ್ಕೆ ಬೋರ್ ಮಾಡಿ ಅಪ್ಪಿ ಹಿಡಿಯುವಂತೆ ಮಾಡುವುದು ಮೊದಲ ಮದ್ದು. ಚಕ್ ಪ್ರೆಶರ್ ಇಳಿಸುವುದು ಎರಡನೆಯದು, ಅದೂ ತಯಾರಕರು ಕೊಟ್ಟ ಕನಿಷ್ಠದ ಕೆಳಗೆ ಎಂದೂ ಅಲ್ಲ. ವೇಗ ಏರಿದಂತೆ ಜಾಗಳ ಹಿಡಿತ ಕಡಿಮೆಯಾಗುತ್ತದೆ. ನಿಂತಾಗ ಬಿಗಿಯಾಗಿ ಕಂಡದ್ದು 3000 ಆರ್‌ಪಿಎಂನಲ್ಲಿ ಬಿಗಿಯಾಗಿ ಇರುವುದಿಲ್ಲ.

ಲಕ್ಷಣ: ಚಾರ್ಟ್ ಶಾಂತ, ರಿಜೆಕ್ಷನ್ ಮಾತ್ರ ನಿಲ್ಲುತ್ತಿಲ್ಲ

ಯಾವ ಬಿಂದುವೂ ಮಿತಿ ದಾಟಿಲ್ಲ. ಮೊದಲು ನಡು ಸರಿಯಿದೆಯೇ ನೋಡಿ. ನಮ್ಮ ಶಾಫ್ಟಿನ ಸರಾಸರಿ −10.5ರ ಬದಲು −7ರಲ್ಲಿ ನೆಲೆಸಿದ್ದರೆ ಸಿಪಿ 1.36 ಹಾಗೇ ಇರುತ್ತದೆ, ಸಿಪಿಕೆ 0.90ಕ್ಕೆ ಇಳಿಯುತ್ತದೆ. ಒಂದು ಆಫ್‌ಸೆಟ್‌ನಲ್ಲಿ ಮುಗಿಯುವ ಕೆಲಸ, ಮತ್ತು ಆಫ್‌ಸೆಟ್ ಇರುವುದೇ ಇದಕ್ಕೆ.

ಸಿಪಿಯೇ 1ಕ್ಕಿಂತ ಕಡಿಮೆ ಇದ್ದರೆ ಆಪರೇಟರನ್ನು ಬಿಟ್ಟುಬಿಡಿ. ಅವನ ಕೈಲಿ ಏನೂ ಇಲ್ಲ. ಇಲ್ಲಿಂದ ಪ್ರಯೋಗದ ದಾರಿ. ಫೀಡ್, ಇನ್ಸರ್ಟಿನ ನೋಸ್ ರೇಡಿಯಸ್, ಫಿನಿಷ್ ಕಟ್ಟಿಗೆ ಬಿಟ್ಟ ಮಟೀರಿಯಲ್, ಈ ಮೂರಕ್ಕೂ ಒಂದು ಮೇಲಿನ, ಒಂದು ಕೆಳಗಿನ ಮಟ್ಟ ಇಡಿ. ಎಂಟು ಜೋಡಣೆ. ಪ್ರತಿಯೊಂದರಲ್ಲಿ 5 ಜಾಬ್, ಕ್ರಮವನ್ನು ಚೀಟಿ ಎತ್ತಿ ನಿರ್ಧರಿಸಿ. ಚೀಟಿ ಎತ್ತದೆ ಹೋದರೆ ಬೆಳಗಿನ ಶಾಖದ ಪರಿಣಾಮ ಫೀಡಿನ ಲೆಕ್ಕಕ್ಕೆ ಬೀಳುತ್ತದೆ. ಒಂದೊಂದನ್ನೇ ಬದಲಿಸುತ್ತ ಹೋಗುವ ನಮ್ಮ ಹಳೆಯ ಪದ್ಧತಿಯಲ್ಲಿ, ದೊಡ್ಡ ನೋಸ್ ರೇಡಿಯಸ್ ಇದ್ದಾಗ ಮಾತ್ರ ಮಟೀರಿಯಲ್ ಕಡಿಮೆ ಬಿಟ್ಟದ್ದು ತೊಂದರೆ ಕೊಡುತ್ತದೆ ಎಂಬಂಥ ಜೋಡಿ ಪರಿಣಾಮ ಕಾಣುವುದೇ ಇಲ್ಲ.

ಸಂಶಯದ ಕಾರಣಗಳು ಏಳಿದ್ದರೆ ಪೂರ್ತಿ ಜೋಡಣೆ 128 ಆಗುತ್ತದೆ. ಆಗ ಎಲ್8 ಎಂಬ ಆರ್ಥೋಗೊನಲ್ ಅರೇಯಲ್ಲಿ (ಆಯ್ದ ಜೋಡಣೆಗಳ ಸಿದ್ಧ ಪಟ್ಟಿಯಲ್ಲಿ) ಎಂಟೇ ಪ್ರಯೋಗದಲ್ಲಿ ಏಳರ ಮುಖ್ಯ ಪರಿಣಾಮ ಅಂದಾಜಿಸಬಹುದು. ಜಪಾನಿನ ಗುಣಮಟ್ಟ ತಜ್ಞ ತಗುಚಿ ಹೆಸರಿನಲ್ಲಿ ಶಾಪ್ ಫ್ಲೋರಿಗೆ ಬಂದ ಈ ಪಟ್ಟಿಗಳ ಹಿಂದಿನ ಗಣಿತವನ್ನು 1940ರ ದಶಕದಲ್ಲಿ ಕಟ್ಟಿದವರು ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್, ನಮ್ಮ ಹೂವಿನ ಹಡಗಲಿಯಲ್ಲಿ ಹುಟ್ಟಿದವರು. ಆದರೆ ಎಲ್8ರಲ್ಲಿ ಏಳೂ ಕಂಬಸಾಲು ತುಂಬಿದರೆ ಜೋಡಿ ಪರಿಣಾಮಗಳು ಮುಖ್ಯ ಪರಿಣಾಮದೊಳಗೆ ಬೆರೆತುಹೋಗುತ್ತವೆ. ಹಾಗಾಗಿ ಗೆದ್ದ ಜೋಡಣೆಯನ್ನು ಮತ್ತೊಮ್ಮೆ ಓಡಿಸಿ ನೋಡದೆ ಪ್ರೋಗ್ರಾಂ ಬದಲಿಸಬೇಡಿ. ಅಳವಿಗೆ ಮೀರಿತು ಎನಿಸಿದರೆ ಭಾರತೀಯ ಸಾಂಖ್ಯಿಕ ಸಂಸ್ಥೆಯ ಬೆಂಗಳೂರು ಕೇಂದ್ರದ ಗುಣಮಟ್ಟ ವಿಭಾಗದವರು ಇಂಥ ಕೆಲಸವನ್ನೇ ಮಾಡುವವರು.

ಪ್ರಯೋಗದಿಂದಲೂ ಸಿಗ್ಮಾ ಇಳಿಯದಿದ್ದರೆ ಗ್ರೈಂಡಿಂಗ್ ಸೇರಿಸಬೇಕು, ಇಲ್ಲವೇ ಚಾರ್ಟ್ ಹಿಡಿದು ಗ್ರಾಹಕರ ಬಳಿ ಟಾಲರೆನ್ಸ್ ಕೇಳಬೇಕು. ಕೇಳಲು ನಾಚಿಕೆ ಬೇಡ.

ಲಕ್ಷಣ: ಆಫ್‌ಸೆಟ್ ಕೊಟ್ಟರೂ ಸೈಜ್ ಕದಲದು, ಮತ್ತೆ ಕೊಟ್ಟರೆ ಎರಡೂ ಸೇರಿ ಹಾರುತ್ತದೆ

ಇದು ನಿಮ್ಮ ಕೈ ಮೀರಿದ್ದು. ಟರೆಟ್‌ಗೆ ಡಯಲ್ ತಾಗಿಸಿ ಎಕ್ಸ್ ಆಕ್ಸಿಸ್ ಅನ್ನು ಹ್ಯಾಂಡ್‌ವೀಲಿನಲ್ಲಿ ಸ್ವಲ್ಪ ಸ್ವಲ್ಪ ಸರಿಸಿ, ದಿಕ್ಕು ಬದಲಿಸಿದಾಗ ಮುಳ್ಳು ತಡವರಿಸುತ್ತದೆಯೇ ನೋಡಿ. ಡಯಾಮೀಟರ್ ಪ್ರೋಗ್ರಾಮಿಂಗ್ ಇರುವ ಮಷಿನ್ನಿನಲ್ಲಿ ಸ್ಕ್ರೀನಿನ ಮೇಲೆ 10 ಬದಲಾದರೆ ಡಯಲ್ ಮೇಲೆ 5 ಕಾಣಬೇಕು, ಗಾಬರಿಯಾಗಬೇಡಿ. ತಡವರಿಕೆ ಕಂಡರೆ ಬಾಲ್‌ಸ್ಕ್ರೂ, ಅದರ ಬೇರಿಂಗ್ ಅಥವಾ ಲೂಬ್ರಿಕೇಷನ್. ಎಣ್ಣೆ ಮಟ್ಟ ನೋಡುವವರೆಗೆ ನಿಮ್ಮ ಕೆಲಸ. ಈ ಸಡಿಲಕ್ಕೆಂದು ಇರುವ ಬ್ಯಾಕ್‌ಲ್ಯಾಶ್ ಪ್ಯಾರಾಮೀಟರ್ ತಿದ್ದಿ ಮುಚ್ಚಿಹಾಕಬೇಡಿ, ಎಲೆಕ್ಟ್ರಿಕಲ್ ಪ್ಯಾನೆಲ್ ತೆರೆಯಬೇಡಿ.

ಸರ್ವಿಸ್ ಇಂಜಿನಿಯರ್ ಬಂದಾಗ "ಸೈಜ್ ನಿಲ್ತಿಲ್ಲ" ಎನ್ನುವ ಬದಲು ಗಂಟೆ ಬರೆದ ಚಾರ್ಟ್, ಆಫ್‌ಸೆಟ್ ಕೊಟ್ಟ ದಾಖಲೆ, ಡಯಲ್ ಓದಿದ ಅಂಕಿ ಅವರ ಮುಂದಿಡಿ. ರಿಪೇರಿ ಆದ ಮೇಲೆ ಅದೇ ಜಾಬ್, ಅದೇ ಪ್ರೋಗ್ರಾಂನಲ್ಲಿ ಐದರ ಐದು ಗುಂಪು ಅವರ ಎದುರೇ ಓಡಿಸಿ ಅಳೆದು, ಚಾರ್ಟಿನ ಮೇಲೆ ಸಹಿ ಹಾಕಿಸಿಕೊಳ್ಳಿ. ಬಿಲ್ಲಿಗೆ ಸಹಿ ಆಮೇಲೆ.